ಮಗ್ಗದ ಕಾರ್ಖಾನೆಯಿಂದ ಮೋಟಾರು ಕಂಪನಿ: ಟೊಯೊಡಾ ಕುಟುಂಬದ ಉದ್ಯಮ ಬೆಳೆದ ಬಗೆ

2025ರ ಜೂನ್ 3ರಂದು ಜಪಾನಿನ ಟೊಯೋಟಾ ಸಮೂಹವು ಒಂದು ಯೋಜನೆಯನ್ನು ಪ್ರಕಟಿಸಿತು. ಸಮೂಹಕ್ಕೆ ಸೇರಿದ ಟೊಯೋಟಾ ಇಂಡಸ್ಟ್ರೀಸ್ ಎಂಬ ಕಂಪನಿಯ ಷೇರುಗಳನ್ನು ಹೂಡಿಕೆದಾರರಿಂದ ಕೊಂಡುಕೊಂಡು ಅದನ್ನು ಷೇರುಪೇಟೆಯಿಂದ ಹೊರಗೆ ತರುವುದು ಆ ಯೋಜನೆಯ ತಿರುಳು. ವ್ಯವಹಾರದ ಒಟ್ಟು ಮೊತ್ತ ಸುಮಾರು 4.7 ಲಕ್ಷ ಕೋಟಿ ಯೆನ್. ಸುದ್ದಿಯನ್ನು ಓದಿದ ಅನೇಕರಿಗೆ ಎರಡು ಸಂಗತಿಗಳು ವಿಚಿತ್ರವಾಗಿ ಕಂಡಿರಬಹುದು. ಟೊಯೋಟಾ ಎಂದರೆ ಕಾರು ಎಂದು ತಿಳಿದವರಿಗೆ, ಈ ಸಮೂಹದ ಮೂಲ ಕಂಪನಿ ಕಾರಿನದಲ್ಲ, ಮಗ್ಗದ್ದು ಎಂಬುದು ಮೊದಲನೆಯದು. ಆ ಮಗ್ಗದ ಕಂಪನಿಯ ಬಳಿ ಕಾರು ಕಂಪನಿಯ ಷೇರುಗಳೂ, ಕಾರು ಕಂಪನಿಯ ಬಳಿ ಮಗ್ಗದ ಕಂಪನಿಯ ಷೇರುಗಳೂ ಇದ್ದವು ಎಂಬುದು ಎರಡನೆಯದು. ಈ ಎರಡೂ ಹೇಗಾದವು ಎಂದು ತಿಳಿಯಬೇಕಾದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಶುರುಮಾಡಬೇಕಾಗುತ್ತದೆ.

ಮೊದಲು ಮಗ್ಗದ ವಿಷಯ

ಬಟ್ಟೆ ನೇಯುವಾಗ ಮಗ್ಗದ ಉದ್ದಕ್ಕೆ ಬಿಗಿದಿರುವ ಎಳೆಗಳನ್ನು ಹಾಸು ಎಂದೂ, ಅವುಗಳ ನಡುವೆ ಅಡ್ಡಲಾಗಿ ಹಾಯುವ ಎಳೆಯನ್ನು ಹೊಕ್ಕು ಎಂದೂ ಕರೆಯುತ್ತಾರೆ. ಹೊಕ್ಕಿನ ನೂಲನ್ನು ಒಡಲಲ್ಲಿಟ್ಟುಕೊಂಡು ಆ ಬದಿಯಿಂದ ಈ ಬದಿಗೆ ಓಡಾಡುವ ಸಾಧನವೇ ಲಾಳಿ. ಲಾಳಿಯ ಒಳಗಿನ ಕಂಡಿಕೆಯಲ್ಲಿ ಹಿಡಿಸುವ ನೂಲು ಅಷ್ಟಿಷ್ಟೇ ಆದ್ದರಿಂದ ಅದು ಬೇಗ ಮುಗಿಯುತ್ತದೆ; ಮುಗಿದಾಗಲೆಲ್ಲ ಮಗ್ಗವನ್ನು ನಿಲ್ಲಿಸಿ ಹೊಸ ಲಾಳಿ ಹಾಕಬೇಕು. ನೂರಾರು ಹಾಸಿನ ಎಳೆಗಳ ಪೈಕಿ ಯಾವುದಾದರೊಂದು ತುಂಡಾದರೂ ಮಗ್ಗ ನಿಲ್ಲಿಸಿ ಅದನ್ನು ಗಂಟು ಹಾಕಲೇಬೇಕು, ಇಲ್ಲದಿದ್ದರೆ ಅಲ್ಲಿಂದ ಮುಂದೆ ನೇಯ್ದ ಬಟ್ಟೆಯೆಲ್ಲ ದೋಷದ ಬಟ್ಟೆಯಾಗುತ್ತದೆ.

ಕೈಮಗ್ಗದಲ್ಲಿ ಇದು ದೊಡ್ಡ ತೊಂದರೆಯಲ್ಲ, ನೇಕಾರರ ಕಣ್ಣು ಸದಾ ಬಟ್ಟೆಯ ಮೇಲೆಯೇ ಇರುತ್ತದೆ. ಮಗ್ಗಕ್ಕೆ ಉಗಿಯ ಅಥವಾ ವಿದ್ಯುತ್ತಿನ ಶಕ್ತಿ ಬಂದ ಮೇಲೆ ಮಾತ್ರ ಸಮಸ್ಯೆಯ ಸ್ವರೂಪವೇ ಬದಲಾಯಿತು. ನೇಯುವುದು ಯಂತ್ರ, ಆದರೆ ಎಳೆ ಕಡಿದುದನ್ನು ಕಾಣುವುದು ಮನುಷ್ಯ. ಹೀಗಾಗಿ ಒಬ್ಬ ಕೆಲಸಗಾರ ಎಷ್ಟು ಮಗ್ಗಗಳ ಮೇಲೆ ನಿಗಾ ಇಡಬಲ್ಲ ಎಂಬುದೇ ಗಿರಣಿಯ ಲಾಭ ನಷ್ಟವನ್ನು ನಿರ್ಧರಿಸುವ ಪ್ರಶ್ನೆಯಾಯಿತು. ಟೊಯೋಟಾ ಸಮೂಹವನ್ನು ಕಟ್ಟಿದ ಟೊಯೊಡಾ ಕುಟುಂಬದ ಮೊದಲ ನಲವತ್ತು ವರ್ಷಗಳ ದುಡಿಮೆಯೆಲ್ಲ ಬಹುಮಟ್ಟಿಗೆ ಈ ಒಂದು ಪ್ರಶ್ನೆಯ ಸುತ್ತಲೇ ನಡೆಯಿತು.

ಸಕಿಚಿ ಟೊಯೊಡಾ

ಸಕಿಚಿ ಟೊಯೊಡಾ ಹುಟ್ಟಿದ್ದು 1867ರಲ್ಲಿ, ಇಂದಿನ ಶಿಜುವೊಕಾ ಪ್ರಾಂತ್ಯದ ಕೊಸಾಯಿ ನಗರದ ಭಾಗವಾಗಿರುವ ಒಂದು ಹಳ್ಳಿಯಲ್ಲಿ. ತಂದೆ ಬೇಸಾಯದ ಜೊತೆಗೆ ಬಡಗಿ ಕೆಲಸ ಮಾಡುತ್ತಿದ್ದರು. ಸುತ್ತಲಿನ ಮನೆಗಳಲ್ಲಿ ಹೆಂಗಸರು ಮಗ್ಗದಲ್ಲಿ ನೇಯುತ್ತಿದ್ದರು. ಮರಗೆಲಸವನ್ನು ತಂದೆಯಿಂದ ಕಲಿತ ಸಕಿಚಿಗೆ ಹದಿನೆಂಟು ತುಂಬುವ ಹೊತ್ತಿಗೆ, ಅಂದರೆ 1885ರಲ್ಲಿ, ಜಪಾನ್ ಸರ್ಕಾರವು ಪೇಟೆಂಟ್ ಕಾನೂನನ್ನು ತಂದಿತು. ಹೊಸ ಸಾಧನವೊಂದನ್ನು ಕಂಡುಹಿಡಿದವರಿಗೆ ಅದನ್ನು ತಯಾರಿಸಿ ಮಾರುವ ಹಕ್ಕನ್ನು ಕೆಲವು ವರ್ಷಗಳ ಕಾಲ ಕಾಯ್ದಿರಿಸುವುದೇ ಪೇಟೆಂಟ್. ಬಂಡವಾಳವಿಲ್ಲದ ಬಡಗಿಯ ಮಗನೊಬ್ಬನು ಬುದ್ಧಿಯನ್ನೇ ಬಂಡವಾಳ ಮಾಡಿಕೊಳ್ಳಲು ಈ ಕಾನೂನು ದಾರಿ ತೆರೆಯಿತು.

1890ರಲ್ಲಿ ಅವರು ರೂಪಿಸಿದ ಮರದ ಕೈಮಗ್ಗವನ್ನು ಎರಡು ಕೈಗಳ ಬದಲು ಒಂದೇ ಕೈಯಲ್ಲಿ ನಡೆಸಬಹುದಾಗಿತ್ತು, ನೇಯ್ಗೆಯ ವೇಗ ಶೇಕಡ 40ರಿಂದ 50ರಷ್ಟು ಹೆಚ್ಚಿತು. ಮುಂದಿನ ವರ್ಷ ಅದಕ್ಕೆ ಪೇಟೆಂಟ್ ದೊರೆಯಿತು. 1896ರ ಸುಮಾರಿಗೆ ಅವರು ಸಿದ್ಧಪಡಿಸಿದ್ದು ಮರ ಮತ್ತು ಕಬ್ಬಿಣ ಸೇರಿಸಿ ಮಾಡಿದ, ಜಪಾನಿನಲ್ಲೇ ತಯಾರಾದ ಮೊದಲ ಯಂತ್ರಮಗ್ಗ. ಯುರೋಪಿನಿಂದ ತರಿಸುವ ಪೂರ್ಣ ಕಬ್ಬಿಣದ ಮಗ್ಗಗಳಿಗಿಂತ ಅದು ಬಹಳ ಅಗ್ಗವಾಗಿದ್ದುದರಿಂದ ಸಣ್ಣ ಗಿರಣಿಗಳವರ ಕೈಗೂ ಎಟುಕಿತು. ಹೊಕ್ಕಿನ ನೂಲು ಕಡಿದರೆ ಅಥವಾ ಮುಗಿದರೆ ಮಗ್ಗ ತಾನಾಗಿಯೇ ನಿಲ್ಲುವ ವ್ಯವಸ್ಥೆಯನ್ನು ಅವರು ಅದರಲ್ಲೇ ಅಳವಡಿಸಿದ್ದರು. ಈ ಸಣ್ಣ ಉಪಕರಣವು ಅರ್ಧ ಶತಮಾನದ ನಂತರ ಕಾರು ಕಾರ್ಖಾನೆಯೊಂದರ ಆಡಳಿತ ತತ್ವವಾಗಿ ಮತ್ತೆ ಬರುತ್ತದೆ.

ಉದ್ಯಮ ಕುಟುಂಬದ ಕೈಯಲ್ಲೇ ಉಳಿದದ್ದು ಏಕೆ

ಸಕಿಚಿ ಮೊದಲಿನಿಂದಲೂ ಕುಟುಂಬದ ಹಣದಲ್ಲೇ ಉದ್ಯಮ ನಡೆಸಿದರೆಂದು ಭಾವಿಸುವುದು ಸರಿಯಲ್ಲ. ಅವರು ಹೊರಗಿನ ಬಂಡವಾಳವನ್ನು ಎರಡು ಬಾರಿ ನೆಚ್ಚಿಕೊಂಡಿದ್ದರು. 1899ರಲ್ಲಿ ಮಿತ್ಸುಯಿ ವ್ಯಾಪಾರ ಸಂಸ್ಥೆಯ ಬೆಂಬಲದಿಂದ ಮಗ್ಗ ತಯಾರಿಸುವ ಕಂಪನಿಯೊಂದು ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಸಕಿಚಿ ಅದರಿಂದ ಹೊರಬಂದರು. 1907ರಲ್ಲಿ ಉದ್ಯಮಿಗಳು ಹಣ ಹಾಕಿ ಟೊಯೊಡಾ ಹೆಸರಿನಲ್ಲೇ ಇನ್ನೊಂದು ಮಗ್ಗದ ಕಂಪನಿಯನ್ನು ಕಟ್ಟಿದರು. ವ್ಯಾಪಾರ ಇಳಿಮುಖವಾದಾಗ 1910ರಲ್ಲಿ ಅಲ್ಲಿಂದಲೂ ಅವರು ರಾಜೀನಾಮೆ ಕೊಟ್ಟು ಹೋಗಬೇಕಾಯಿತು. ಹೂಡಿಕೆದಾರರಿಗೆ ಬೇಕಾದದ್ದು ಸಿದ್ಧವಿರುವ ಮಗ್ಗವನ್ನು ಮಾರಿ ಬರುವ ಲಾಭಾಂಶ. ಸಕಿಚಿಗೆ ಬೇಕಾದದ್ದು ಇನ್ನೂ ಸಿದ್ಧವಾಗದ ಮಗ್ಗದ ಮೇಲಿನ ಪ್ರಯೋಗ. ಇವೆರಡೂ ಒಂದೇ ಲೆಕ್ಕಪುಸ್ತಕದಲ್ಲಿ ಹೊಂದಿಕೊಳ್ಳಲಿಲ್ಲ. ನ್ಯಾಯವಾಗಿ ನೋಡಿದರೆ ಹೂಡಿಕೆದಾರರದ್ದು ಅತಿಯಾಸೆಯೇನೂ ಆಗಿರಲಿಲ್ಲ.

ರಾಜೀನಾಮೆಯ ನಂತರ ಅಮೆರಿಕ ಮತ್ತು ಯುರೋಪನ್ನು ಸುತ್ತಿ ಬಂದ ಅವರು 1911ರಲ್ಲಿ ನಗೋಯಾ ನಗರದಲ್ಲಿ ತಮ್ಮದೇ ನೇಯ್ಗೆ ಗಿರಣಿಯನ್ನು ತೆರೆದರು. ಬಟ್ಟೆ ನೇಯ್ದು ಮಾರಿದ ಲಾಭದಿಂದ ಪ್ರಯೋಗಗಳಿಗೆ ಹಣ ಒದಗಿಸುವುದು ಅವರ ಲೆಕ್ಕಾಚಾರ. ಪ್ರಯೋಗದ ಮಗ್ಗ ಪದೇಪದೇ ನಿಂತರೆ ದೋಷ ಮಗ್ಗದ್ದೋ ಅಥವಾ ಕೊಂಡುತಂದ ನೂಲಿನದ್ದೋ ಎಂದು ಹೇಳುವುದು ಕಷ್ಟವಾಗುತ್ತಿತ್ತು. ಆದ್ದರಿಂದ 1914ರಲ್ಲಿ ನೂಲುವ ಯಂತ್ರಗಳನ್ನೂ ಹಾಕಿಸಿ, ತಮಗೆ ಬೇಕಾದ ಗುಣಮಟ್ಟದ ನೂಲನ್ನು ತಾವೇ ತೆಗೆಯತೊಡಗಿದರು. ಅದೇ ವರ್ಷ ಶುರುವಾದ ಮೊದಲ ಮಹಾಯುದ್ಧವು ಏಷ್ಯಾದ ಮಾರುಕಟ್ಟೆಗಳಿಗೆ ಬ್ರಿಟನ್ನಿನ ಬಟ್ಟೆ ಬರುವುದನ್ನು ತಗ್ಗಿಸಿದ್ದರಿಂದ ಜಪಾನಿನ ಗಿರಣಿಗಳು ಚೆನ್ನಾಗಿ ದುಡಿದವು. 1918ರಲ್ಲಿ ಈ ಗಿರಣಿಯೇ ಟೊಯೊಡಾ ಬೊಶೊಕು ಎಂಬ ನೂಲು ಮತ್ತು ನೇಯ್ಗೆಯ ಕಂಪನಿಯಾಯಿತು. 1920ರ ದಶಕದ ಆರಂಭದಲ್ಲಿ ಶಾಂಘೈಯಲ್ಲೂ ಕುಟುಂಬದ ಗಿರಣಿ ತಲೆಯೆತ್ತಿತು.

ಕುಟುಂಬ ಎಂದರೆ ಇಲ್ಲಿ ರಕ್ತಸಂಬಂಧ ಮಾತ್ರವಲ್ಲ. ಸಕಿಚಿಯ ಮಗಳನ್ನು ಮದುವೆಯಾದ ರಿಸಬುರೊ, ಜಪಾನಿನಲ್ಲಿ ರೂಢಿಯಲ್ಲಿದ್ದ ದತ್ತು ಅಳಿಯನ ಪದ್ಧತಿಯಂತೆ ಟೊಯೊಡಾ ಮನೆತನದ ಹೆಸರನ್ನೇ ಪಡೆದು ಮನೆಯ ಮಗನಾದರು. ವ್ಯಾಪಾರ ಮತ್ತು ಹಣಕಾಸಿನ ಹೊಣೆ ಅವರದು. ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಯಂತ್ರಶಿಲ್ಪ ಓದಿದ ಸ್ವಂತ ಮಗ ಕಿಯಿಚಿರೊ ಯಂತ್ರಗಳ ಕಡೆ ನಿಂತರು. ಮುಂದಿನ ಇಪ್ಪತ್ತು ವರ್ಷಗಳ ಅನೇಕ ನಿರ್ಣಯಗಳು ಇವರಿಬ್ಬರ ನಡುವಿನ ಎಳೆದಾಟದಲ್ಲೇ ರೂಪುಗೊಂಡವು.

ಜಿ ಮಾದರಿಯ ಮಗ್ಗ

1924ರಲ್ಲಿ ಪೂರ್ಣಗೊಂಡ ಜಿ ಮಾದರಿಯ ಸ್ವಯಂಚಾಲಿತ ಮಗ್ಗವು ಹಳೆಯ ಎರಡೂ ತೊಡಕುಗಳಿಗೆ ಉತ್ತರವಾಗಿತ್ತು. ಲಾಳಿಯಲ್ಲಿನ ನೂಲು ಮುಗಿಯುತ್ತಿದ್ದಂತೆ ಯಂತ್ರವೇ ಅದನ್ನು ಹೊರಕ್ಕೆ ತಳ್ಳಿ, ವೇಗವನ್ನು ಕುಗ್ಗಿಸದೆ, ತುಂಬಿದ ಲಾಳಿಯನ್ನು ಒಳಕ್ಕೆ ತೆಗೆದುಕೊಳ್ಳುತ್ತಿತ್ತು. ಹಾಸಿನ ಪ್ರತಿ ಎಳೆಗೂ ತೆಳುವಾದ ಲೋಹದ ಪಟ್ಟಿಯೊಂದನ್ನು ತೂಗುಹಾಕಲಾಗಿತ್ತು. ಎಳೆ ಬಿಗಿಯಾಗಿರುವ ತನಕ ಪಟ್ಟಿ ಮೇಲೆಯೇ ಇರುತ್ತದೆ, ಎಳೆ ಕಡಿದರೆ ಪಟ್ಟಿ ಕೆಳಕ್ಕೆ ಬಿದ್ದು ಚಲಿಸುವ ಭಾಗಕ್ಕೆ ಅಡ್ಡಬರುತ್ತದೆ, ಆಗ ಮಗ್ಗ ನಿಲ್ಲುತ್ತದೆ. ದೋಷದ ಬಟ್ಟೆಯನ್ನು ಯಂತ್ರ ನೇಯುವುದೇ ಇಲ್ಲ ಎಂದಾದ ಮೇಲೆ ಪಕ್ಕದಲ್ಲಿ ನಿಂತು ಕಾಯುವವರ ಅಗತ್ಯವೂ ಉಳಿಯಲಿಲ್ಲ. ಒಬ್ಬರೇ 30 ಅಥವಾ ಅದಕ್ಕಿಂತ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು.

ಈ ಮಗ್ಗವನ್ನು ಮಾರಾಟಕ್ಕಾಗಿ ತಯಾರಿಸಲು 1926ರ ನವೆಂಬರಿನಲ್ಲಿ ನಗೋಯಾ ಸಮೀಪದ ಕರಿಯಾ ಊರಿನಲ್ಲಿ ಟೊಯೊಡಾ ಆಟೊಮ್ಯಾಟಿಕ್ ಲೂಮ್ ವರ್ಕ್ಸ್ ಸ್ಥಾಪನೆಯಾಯಿತು. 2025ರಲ್ಲಿ ಸುದ್ದಿಯಾದ ಟೊಯೋಟಾ ಇಂಡಸ್ಟ್ರೀಸ್ ಎಂದರೆ ಇದೇ ಕಂಪನಿ. ರಿಸಬುರೊ ಅಧ್ಯಕ್ಷರು, ಕಿಯಿಚಿರೊ ವ್ಯವಸ್ಥಾಪಕ ನಿರ್ದೇಶಕರು.

ಜವಳಿ ಯಂತ್ರಗಳ ಜಗತ್ತಿನಲ್ಲಿ ಆಗ ಬಹಳ ದೊಡ್ಡ ಹೆಸರು ಇಂಗ್ಲೆಂಡಿನ ಓಲ್ಡಮ್ ಪಟ್ಟಣದ ಪ್ಲಾಟ್ ಬ್ರದರ್ಸ್. 1929ರ ಡಿಸೆಂಬರಿನಲ್ಲಿ ಅದು ಜಿ ಮಾದರಿಯ ಪೇಟೆಂಟ್ ಹಕ್ಕುಗಳಿಗಾಗಿ ಟೊಯೊಡಾ ಕಂಪನಿಗೆ 1,00,000 ಪೌಂಡ್ ಕೊಡಲು ಒಪ್ಪಂದ ಮಾಡಿಕೊಂಡಿತು. ಮರುವರ್ಷದ ಅಕ್ಟೋಬರಿನಲ್ಲಿ ಸಕಿಚಿ ತೀರಿಕೊಂಡರು. ಈ ಒಂದು ಲಕ್ಷ ಪೌಂಡಿನಿಂದಲೇ ಟೊಯೋಟಾ ಕಾರು ಹುಟ್ಟಿತೆಂಬ ಕಥೆ ಬಹಳ ಕಡೆ ಕಾಣಸಿಗುತ್ತದೆ. ಕೇಳಲು ಸೊಗಸಾಗಿದೆ, ಆದರೆ ಲೆಕ್ಕಕ್ಕೆ ಹೊಂದುವುದಿಲ್ಲ. ಹಣವು ಕಂತುಗಳಲ್ಲಿ ಬರಬೇಕಾಗಿತ್ತು. ಆರ್ಥಿಕ ಕುಸಿತದ ಹೊಡೆತ ತಿಂದ ಪ್ಲಾಟ್ ಕಂಪನಿ ಮೊತ್ತವನ್ನು ತಗ್ಗಿಸಿಕೊಂಡಿತು. ಕಾರಿಗೆ ಮುಂದೆ ಸುರಿದ ಹಣ ಇದಕ್ಕಿಂತ ಬಹಳ ದೊಡ್ಡದು. 1931ರ ಕೊನೆಯಲ್ಲಿ ಜಪಾನ್ ಚಿನ್ನದ ಮಾನಕವನ್ನು, ಅಂದರೆ ಯೆನ್ ಬೆಲೆಯನ್ನು ಚಿನ್ನಕ್ಕೆ ಕಟ್ಟಿಡುವ ಪದ್ಧತಿಯನ್ನು, ಬಿಟ್ಟಿದ್ದರಿಂದ ಯೆನ್ ಬೆಲೆ ಕುಸಿದು, ಜಪಾನಿನ ಬಟ್ಟೆ ವಿದೇಶಗಳಲ್ಲಿ ಅಗ್ಗವಾಯಿತು. 1933ರ ಹೊತ್ತಿಗೆ ಹತ್ತಿಬಟ್ಟೆಯ ರಫ್ತಿನಲ್ಲಿ ಜಪಾನ್ ಬ್ರಿಟನ್ನನ್ನೇ ಹಿಂದೆ ಹಾಕಿತು. ಆ ವರ್ಷಗಳಲ್ಲಿ ಬಟ್ಟೆಯಿಂದಲೂ ಮಗ್ಗದಿಂದಲೂ ಬಂದ ಲಾಭವೇ ಕಾರಿನ ಪ್ರಯೋಗಕ್ಕೆ ನಿಜವಾದ ಆಸರೆ.

ಮಗ್ಗ ಮಾಡುವವರು ಕಾರು ಮಾಡಿದ್ದು ಹೇಗೆ

1923ರ ಕಾಂಟೊ ಭೂಕಂಪದಲ್ಲಿ ಟೋಕಿಯೊದ ರೈಲು, ಟ್ರಾಮ್ ವ್ಯವಸ್ಥೆ ಹಾಳಾದಾಗ ಅಮೆರಿಕದಿಂದ ಟ್ರಕ್ಕುಗಳನ್ನು ತರಿಸಿ ಸಾಗಣೆ ನಡೆಸಬೇಕಾಯಿತು. ಅಲ್ಲಿ ಮಾರುಕಟ್ಟೆ ಇದೆಯೆಂದು ಕಂಡ ಫೋರ್ಡ್ ಕಂಪನಿ 1925ರಲ್ಲಿ ಯೊಕೊಹಾಮಾದಲ್ಲಿಯೂ, ಜನರಲ್ ಮೋಟರ್ಸ್ 1927ರಲ್ಲಿ ಒಸಾಕಾದಲ್ಲಿಯೂ ಬಿಡಿಭಾಗಗಳನ್ನು ತಂದು ಜೋಡಿಸುವ ಘಟಕಗಳನ್ನು ತೆರೆದವು. ಜಪಾನಿನ ರಸ್ತೆಗಳಲ್ಲಿ ಓಡುತ್ತಿದ್ದ ಹೆಚ್ಚಿನ ವಾಹನಗಳು ಈ ಎರಡು ಕಂಪನಿಗಳವೇ ಆಗಿದ್ದವು.

ಇಂಥ ಪೈಪೋಟಿಯ ಎದುರು ಮಗ್ಗದ ಕಂಪನಿಯ ಬಳಿ ಇದ್ದದ್ದೇನು? ಎರಕ ಹೊಯ್ಯುವ ವಿಭಾಗ, ಲೋಹವನ್ನು ಕೂದಲೆಳೆಯ ನಿಖರತೆಯಲ್ಲಿ ಕೊರೆಯುವ ಯಂತ್ರಗಳು, ಬಿಡಿಭಾಗಗಳು ಒಂದಕ್ಕೊಂದು ಬದಲಾಗಿ ಹೊಂದುವಂತೆ ತಯಾರಿಸುವ ಅಭ್ಯಾಸ, ಸಾಗುವ ಪಟ್ಟಿಯ ಮೇಲೆ ಜೋಡಣೆ ಮಾಡುವ ಅನುಭವ. ಇವೆಲ್ಲ ಮಗ್ಗದಂತೆ ಮೋಟಾರಿಗೂ ಬೇಕಾದವು. ಇಲ್ಲದಿದ್ದದ್ದು ತಕ್ಕ ಉಕ್ಕು ಮತ್ತು ಎಂಜಿನ್ನಿನ ಸಿಲಿಂಡರ್ ಬ್ಲಾಕನ್ನು ಎರಕ ಹೊಯ್ಯುವ ತಿಳಿವಳಿಕೆ. ಮಗ್ಗದ ಎರಕವು ಬಹುತೇಕ ಗಟ್ಟಿ ತುಂಡು. ಎಂಜಿನ್ನಿನ ಬ್ಲಾಕಿನ ಒಳಗೆ ತಂಪುನೀರು ಹರಿಯುವ ಟೊಳ್ಳು ದಾರಿಗಳಿರುತ್ತವೆ, ಮತ್ತು ಅವುಗಳಿಗಾಗಿ ಅಚ್ಚಿನೊಳಗೆ ಮರಳಿನ ತಿರುಳನ್ನು ಅಲುಗದಂತೆ ನಿಲ್ಲಿಸಬೇಕು. ಆರಂಭದಲ್ಲಿ ಹೊಯ್ದ ಬ್ಲಾಕುಗಳು ಒಂದರ ಹಿಂದೆ ಒಂದು ಕೆಟ್ಟು, ಮತ್ತೆ ಕುಲುಮೆಗೆ ಹೋದವು.

1933ರ ಸೆಪ್ಟೆಂಬರಿನಲ್ಲಿ ಮಗ್ಗದ ಕಂಪನಿಯೊಳಗೇ ಮೋಟಾರು ವಿಭಾಗ ಆರಂಭವಾಯಿತು. ಇಷ್ಟು ದೊಡ್ಡ ಸಾಹಸಕ್ಕೆ ರಿಸಬುರೊ ಮೊದಲು ಹಿಂದೇಟು ಹಾಕಿದರು. ಕುಟುಂಬದ ಗಂಟನ್ನು ಕಾಯುವ ಹೊಣೆ ಹೊತ್ತವರಿಂದ ಬೇರೆ ಬಗೆಯ ಮಾತನ್ನು ನಿರೀಕ್ಷಿಸುವಂತೆಯೂ ಇರಲಿಲ್ಲ. ಆದರೂ 1934ರ ಜನವರಿಯಲ್ಲಿ ಷೇರುದಾರರ ವಿಶೇಷ ಸಭೆಯು ಕಂಪನಿಯ ಬಂಡವಾಳವನ್ನು 10 ಲಕ್ಷ ಯೆನ್‌ನಿಂದ 30 ಲಕ್ಷಕ್ಕೆ ಏರಿಸಿ, ಮೋಟಾರು ಮತ್ತು ಉಕ್ಕಿನ ತಯಾರಿಕೆಯನ್ನು ಅಧಿಕೃತ ಉದ್ದೇಶಗಳಲ್ಲಿ ಸೇರಿಸಿತು. 1935ರಲ್ಲಿ ಮೊದಲ ಮಾದರಿ ಕಾರು ಮತ್ತು ಟ್ರಕ್ಕು, 1936ರಲ್ಲಿ ಮಾರಾಟದ ಕಾರು ಹೊರಬಂದವು.

1936ರಲ್ಲೇ ಬಂದ ವಾಹನ ತಯಾರಿಕೆ ಕಾನೂನು ಪರವಾನಗಿ ಇದ್ದವರಿಗೆ ಮಾತ್ರ ಅವಕಾಶ ಕೊಟ್ಟು, ವಿದೇಶಿ ಕಂಪನಿಗಳ ಬೆಳವಣಿಗೆಗೆ ಮಿತಿ ಹಾಕಿತು. ಸೈನ್ಯಕ್ಕೆ ಟ್ರಕ್ಕುಗಳು ಬೇಕಾಗಿದ್ದವೆಂಬುದು ಅದರ ಹಿಂದಿನ ಕಾರಣಗಳಲ್ಲೊಂದು. ಈ ರಕ್ಷಣೆ ಇಲ್ಲದಿದ್ದರೆ ಟೊಯೊಡಾದ ಕಾರು ಉಳಿಯುತ್ತಿತ್ತೇ ಎಂಬುದು ಅನುಮಾನವೇ. ಪರವಾನಗಿ ಪಡೆದ ಕಂಪನಿಗಳಲ್ಲಿ ಟೊಯೊಡಾ ಒಂದಾಯಿತು. 1937ರ ಆಗಸ್ಟ್ 28ರಂದು ಮೋಟಾರು ವಿಭಾಗವು 1.2 ಕೋಟಿ ಯೆನ್ ಬಂಡವಾಳದ ಪ್ರತ್ಯೇಕ ಕಂಪನಿಯಾಗಿ, ಟೊಯೋಟಾ ಮೋಟಾರ್ ಎಂಬ ಹೆಸರು ತಳೆಯಿತು. ಅದರ ಮೊದಲ ಅಧ್ಯಕ್ಷರೂ ರಿಸಬುರೊ ಅವರೇ. ಮಗ್ಗದ ಕಂಪನಿಯು ಕಾರು ಕಂಪನಿಯಲ್ಲಿ ಷೇರುದಾರನಾದದ್ದು ಹೀಗೆ: ಅದು ಹೊರಗಿನಿಂದ ಕೊಂಡ ಪಾಲಲ್ಲ, ತನ್ನಿಂದ ಬೇರ್ಪಟ್ಟ ವಿಭಾಗದಲ್ಲಿ ಉಳಿಸಿಕೊಂಡ ಪಾಲು. ಉಕ್ಕಿನ ವಿಭಾಗವೂ 1940ರಲ್ಲಿ ಇದೇ ರೀತಿ ಬೇರೆಯಾಗಿ, ಇಂದಿನ ಐಚಿ ಸ್ಟೀಲ್ ಕಂಪನಿಯಾಯಿತು.

1950: ಮಗ್ಗದ ಕಂಪನಿಯಿಂದ ಬಂದ ಅಧ್ಯಕ್ಷ

ಎರಡನೆಯ ಮಹಾಯುದ್ಧದ ನಂತರ ಶಾಂಘೈಯ ಗಿರಣಿ ಕೈತಪ್ಪಿತು. ಜಪಾನಿನಲ್ಲಿ ಬೆಲೆಯೇರಿಕೆಯನ್ನು ತಡೆಯಲು 1949ರಲ್ಲಿ ಜಾರಿಗೆ ಬಂದ ಕಟ್ಟುನಿಟ್ಟಿನ ಹಣಕಾಸು ನೀತಿಯಿಂದ ಕಾರು, ಟ್ರಕ್ಕುಗಳನ್ನು ಕೊಳ್ಳುವವರಿಲ್ಲದೆ ಟೊಯೋಟಾ ಮೋಟಾರ್ ದಿವಾಳಿಯ ಅಂಚಿಗೆ ಬಂತು. ಬ್ಯಾಂಕ್ ಆಫ್ ಜಪಾನ್‌ನ ನಗೋಯಾ ಶಾಖೆಯ ಮಧ್ಯಸ್ಥಿಕೆಯಲ್ಲಿ ಬ್ಯಾಂಕುಗಳ ಒಕ್ಕೂಟವೊಂದು ಸಾಲ ಕೊಟ್ಟಿತು. ಅದರ ಷರತ್ತಿನಂತೆ ಮಾರಾಟ ವಿಭಾಗ ಪ್ರತ್ಯೇಕ ಕಂಪನಿಯಾಯಿತು, ಕೆಲಸಗಾರರನ್ನು ಕಡಿತಗೊಳಿಸುವ ಮಾತು ಬಂದು ದೀರ್ಘ ಮುಷ್ಕರ ನಡೆಯಿತು. 1950ರ ಜೂನ್‌ನಲ್ಲಿ ಅಧ್ಯಕ್ಷ ಕಿಯಿಚಿರೊ ಹೊಣೆ ಹೊತ್ತು ರಾಜೀನಾಮೆ ನೀಡಿದರು. ಅವರ ಸ್ಥಾನಕ್ಕೆ ಬಂದವರು ಮಗ್ಗದ ಕಂಪನಿಯ ಅಧ್ಯಕ್ಷರಾಗಿದ್ದ, ಕುಟುಂಬದವರಲ್ಲದ ತೈಜೊ ಇಶಿದಾ. ಅದೇ ತಿಂಗಳ ಕೊನೆಯಲ್ಲಿ ಕೊರಿಯಾ ಯುದ್ಧ ಆರಂಭವಾಗಿ ಅಮೆರಿಕದ ಸೈನ್ಯದಿಂದ ಟ್ರಕ್ಕುಗಳಿಗೆ ಬೇಡಿಕೆ ಬಂದದ್ದರಿಂದ ಕಂಪನಿ ಉಸಿರಾಡಿತು. ಕಿಯಿಚಿರೊ ಮರಳಿ ಬರುವ ಮುನ್ನವೇ 1952ರಲ್ಲಿ ತೀರಿಕೊಂಡರು.

ಸಾಲದಾತರ ಮಾತಿಗೆ ತಲೆಬಾಗಬೇಕಾದ ಸ್ಥಿತಿ ಇನ್ನೊಮ್ಮೆ ಬರಬಾರದೆಂಬ ಇಶಿದಾ ಅವರ ಹಟವು ಕಂಪನಿಯ ನೀತಿಯಾಯಿತು. ನಮ್ಮ ಕೋಟೆಯನ್ನು ನಾವೇ ಕಾಯಬೇಕು ಎಂಬುದು ಅವರ ಮಾತೆಂದು ಪ್ರಸಿದ್ಧವಾಗಿದೆ. ಮುಂದೆ ಕಿಯಿಚಿರೊ ಅವರ ದಾಯಾದಿ ತಮ್ಮ ಎಯಿಜಿ 1967ರಿಂದ, ಮಗ ಶೊಯಿಚಿರೊ 1982ರಿಂದ, ಮೊಮ್ಮಗ ಅಕಿಯೊ 2009ರಿಂದ 2023ರ ತನಕ ಅಧ್ಯಕ್ಷರಾದರು. ನಡುನಡುವೆ ಹೊರಗಿನವರೂ ಆ ಸ್ಥಾನದಲ್ಲಿದ್ದರು.

ನೇಯ್ಗೆಯಿಂದ ಕಾರಿನ ಕಾರ್ಖಾನೆಗೆ ಬಂದ ತತ್ವ

ಟೊಯೋಟಾ ಉತ್ಪಾದನಾ ಪದ್ಧತಿ ಎಂದು ಜಗತ್ತಿನ ಆಡಳಿತ ಶಾಲೆಗಳಲ್ಲಿ ಕಲಿಸುವ ಕ್ರಮಕ್ಕೆ ಎರಡು ಆಧಾರಗಳಿವೆ. ಬೇಕಾದಾಗ, ಬೇಕಾದಷ್ಟನ್ನೇ ತಯಾರಿಸಬೇಕೆಂಬ ಒಂದನ್ನು ಕಿಯಿಚಿರೊ ಮುಂದಿಟ್ಟರು. ದೋಷ ಕಂಡೊಡನೆ ಕೆಲಸ ನಿಲ್ಲಬೇಕೆಂಬ ಇನ್ನೊಂದು, ಜಪಾನಿನಲ್ಲಿ ಜಿದೋಕಾ ಎನಿಸಿಕೊಂಡದ್ದು, ಸಕಿಚಿಯ ಮಗ್ಗದ ತತ್ವವೇ. ಇವನ್ನು ಕಾರ್ಖಾನೆಯ ನಿತ್ಯದ ರೂಢಿಗೆ ತಂದ ತೈಯಿಚಿ ಒನೊ 1932ರಲ್ಲಿ ಕೆಲಸಕ್ಕೆ ಸೇರಿದ್ದು ಟೊಯೊಡಾ ನೂಲಿನ ಗಿರಣಿಗೆ. ಯುದ್ಧಕಾಲದಲ್ಲಿ ಆ ಉದ್ಯಮವು ಮೋಟಾರು ಕಂಪನಿಯಲ್ಲಿ ವಿಲೀನವಾದಾಗ, 1943ರಲ್ಲಿ, ಅವರೂ ಅಲ್ಲಿಗೆ ಬಂದರು. ಗಿರಣಿಯಲ್ಲಿ ಒಬ್ಬಳು ಹುಡುಗಿ ಹತ್ತಾರು ಯಂತ್ರಗಳನ್ನು ನೋಡಿಕೊಳ್ಳುವುದನ್ನು ಕಂಡಿದ್ದ ಅವರಿಗೆ, ಕಾರಿನ ಕಾರ್ಖಾನೆಯಲ್ಲಿ ಒಂದು ಯಂತ್ರಕ್ಕೆ ಒಬ್ಬ ಆಳು ನಿಂತಿರುವುದು ಸರಿಬರಲಿಲ್ಲ. ಜೋಡಣೆಯ ಸಾಲಿನಲ್ಲಿ ತಪ್ಪು ಕಂಡ ಯಾವ ಕೆಲಸಗಾರನಾದರೂ ಹಗ್ಗವೊಂದನ್ನು ಎಳೆದು ಸಾಲನ್ನೇ ನಿಲ್ಲಿಸಬಹುದಾದ ಏರ್ಪಾಡು ಮುಂದೆ ಬಂತು. ಮಗ್ಗದಲ್ಲಿ ಲೋಹದ ಪಟ್ಟಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಆ ಹಗ್ಗ ಮಾಡುತ್ತದೆ.

ಮಗ್ಗದ ಕಂಪನಿಯೂ ಸುಮ್ಮನೆ ಕೂರಲಿಲ್ಲ. 1956ರಲ್ಲಿ ಫೋರ್ಕ್‌ಲಿಫ್ಟ್, ಅಂದರೆ ಸರಕು ಎತ್ತಿ ಸಾಗಿಸುವ ವಾಹನ, ತಯಾರಿಸತೊಡಗಿ, ಆ ಕ್ಷೇತ್ರದಲ್ಲಿ ಜಗತ್ತಿನ ಅತಿದೊಡ್ಡ ಕಂಪನಿಯಾಯಿತು. ಕಾರಿನ ಹವಾನಿಯಂತ್ರಣಕ್ಕೆ ಬೇಕಾದ ಕಂಪ್ರೆಸರ್, ಎಂಜಿನ್‌ಗಳೂ ಅಲ್ಲಿ ತಯಾರಾಗುತ್ತವೆ. ಲಾಳಿಯ ಬದಲು ಗಾಳಿಯ ರಭಸದಿಂದ ಹೊಕ್ಕನ್ನು ತೂರಿಸುವ ಮಗ್ಗಗಳನ್ನು ಅದು ಈಗಲೂ ಮಾರುತ್ತದೆ. ಕರ್ನಾಟಕಕ್ಕೂ ಈ ಉದ್ಯಮ ಮೊದಲು ಬಂದದ್ದು ಜವಳಿಯ ಹಾದಿಯಲ್ಲೇ: ನೂಲುವ ಯಂತ್ರಗಳಿಗಾಗಿ ಕಿರ್ಲೋಸ್ಕರ್ ಸಮೂಹದೊಂದಿಗಿನ ಜಂಟಿ ಕಂಪನಿ 1995ರಲ್ಲಿ ಆರಂಭವಾಗಿ ಬೆಂಗಳೂರಿನ ಬಳಿಯ ಜಿಗಣಿಯಲ್ಲಿ ನೆಲೆಯೂರಿತು, ಬಿಡದಿಯ ಕಾರು ಕಂಪನಿ ಸ್ಥಾಪನೆಯಾದದ್ದು ಅದರ ನಂತರ, 1997ರಲ್ಲಿ.

ಪರಸ್ಪರ ಷೇರು ಎಂದರೇನು

ಇಬ್ಬರು ನೆರೆಯವರು ತಮ್ಮ ಮನೆಪತ್ರಗಳ ಒಂದು ಭಾಗವನ್ನು ಒಬ್ಬರು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಇಟ್ಟರೆ ಇಬ್ಬರ ಒಪ್ಪಿಗೆಯೂ ಇಲ್ಲದೆ ಯಾವ ಮನೆಯೂ ಮಾರಾಟವಾಗುವುದಿಲ್ಲ. ಎರಡು ಕಂಪನಿಗಳು ಒಂದರ ಷೇರನ್ನು ಇನ್ನೊಂದು ಇಟ್ಟುಕೊಳ್ಳುವುದರ ಉದ್ದೇಶವೂ ಬಹುಮಟ್ಟಿಗೆ ಇದೇ. ಯುದ್ಧಾನಂತರ ಜಪಾನಿನ ಅನೇಕ ಸಮೂಹಗಳು ಹೊರಗಿನವರ ಕೈಗೆ ನಿಯಂತ್ರಣ ಹೋಗದಿರಲೆಂದು ಈ ಕ್ರಮವನ್ನು ಅನುಸರಿಸಿದವು. ಯೋಜನೆ ಪ್ರಕಟವಾದ ಹೊತ್ತಿಗೆ ಟೊಯೋಟಾ ಮೋಟಾರ್ ಬಳಿ ಟೊಯೋಟಾ ಇಂಡಸ್ಟ್ರೀಸ್‌ನ ಸುಮಾರು ನಾಲ್ಕನೆಯ ಒಂದು ಭಾಗ, ಟೊಯೋಟಾ ಇಂಡಸ್ಟ್ರೀಸ್ ಬಳಿ ಟೊಯೋಟಾ ಮೋಟಾರಿನ ಸುಮಾರು ಶೇಕಡ 9 ಇತ್ತು. ಅಕಿಯೊ ಟೊಯೊಡಾ ಅವರಿಗೆ ಕಾರು ಕಂಪನಿಯಲ್ಲಿ ನೇರವಾಗಿ ಇರುವ ಪಾಲು ಶೇಕಡ 1ಕ್ಕಿಂತಲೂ ಕಡಿಮೆ. ಮನೆತನದ ಪ್ರಭಾವ ಉಳಿದಿರುವುದು ಷೇರಿನ ಲೆಕ್ಕದಲ್ಲಿ ಅಲ್ಲ, ಇಂಥ ಹೆಣಿಗೆಯಲ್ಲಿ ಮತ್ತು ಹೆಸರಿನ ಗೌರವದಲ್ಲಿ.

ಈ ಹೆಣಿಗೆಯ ಬಗ್ಗೆ ಟೋಕಿಯೊ ಷೇರುಪೇಟೆಯೂ ಹೂಡಿಕೆದಾರರೂ ಈಚಿನ ವರ್ಷಗಳಲ್ಲಿ ತಕರಾರು ಎತ್ತುತ್ತಿದ್ದಾರೆ. ಪರಸ್ಪರ ಷೇರುಗಳಲ್ಲಿ ಬಂಡವಾಳ ಕೊಳೆಯುತ್ತದೆ, ಆಡಳಿತದ ತಪ್ಪನ್ನು ಪ್ರಶ್ನಿಸುವವರು ಇಲ್ಲವಾಗುತ್ತಾರೆ ಎಂಬುದು ಅವರ ವಾದ. ದೀರ್ಘಕಾಲದ ಹೂಡಿಕೆಗೆ ನೆಮ್ಮದಿ ಬೇಕು, ಮೂರು ತಿಂಗಳಿಗೊಮ್ಮೆ ಲಾಭ ಕೇಳುವವರ ನಡುವೆ ಅದು ಸಿಗುವುದಿಲ್ಲ ಎಂಬುದು ಎದುರುವಾದ. ಸಕಿಚಿಗೂ ಅವರ ಹೂಡಿಕೆದಾರರಿಗೂ 1910ರಲ್ಲಿ ಬಂದ ಭಿನ್ನಾಭಿಪ್ರಾಯವೂ ಇದರಿಂದ ಬಹಳ ದೂರದ್ದಲ್ಲ.

2025ರ ಯೋಜನೆಯಲ್ಲಿ ಏನಿದೆ

ಸಮೂಹದ ಭೂ ವ್ಯವಹಾರದ ಕಂಪನಿಯಾದ, ಷೇರುಪೇಟೆಯಲ್ಲಿಲ್ಲದ ಟೊಯೋಟಾ ಫುದೊಸಾನ್ ಮುಂದಾಳಾಗಿ ಹೊಸ ಸಂಸ್ಥೆಯೊಂದನ್ನು ಕಟ್ಟುತ್ತದೆ. ಅಕಿಯೊ ಸ್ವಂತವಾಗಿ 100 ಕೋಟಿ ಯೆನ್ ಹಾಕುತ್ತಾರೆ. ಟೊಯೋಟಾ ಮೋಟಾರ್ 70,000 ಕೋಟಿ ಯೆನ್ ಹಾಕಿದರೂ ಅದಕ್ಕೆ ಮತಾಧಿಕಾರ ಇರುವುದಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಬ್ಯಾಂಕುಗಳ ಸಾಲ. ಟೊಯೋಟಾ ಇಂಡಸ್ಟ್ರೀಸ್ ತನ್ನ ಬಳಿಯಿರುವ ಟೊಯೋಟಾ ಮೋಟಾರ್, ವಾಹನದ ಬಿಡಿಭಾಗ ತಯಾರಿಸುವ ಡೆನ್ಸೊ ಮುಂತಾದ ಸಮೂಹದ ಕಂಪನಿಗಳ ಷೇರುಗಳನ್ನು ಆಯಾ ಕಂಪನಿಗಳಿಗೇ ಮರಳಿ ಮಾರುವುದೂ ಯೋಜನೆಯ ಭಾಗ. ಅದು ನಡೆದರೆ 1937ರಿಂದ ಮಗ್ಗದ ಕಂಪನಿಗೆ ಕಾರು ಕಂಪನಿಯಲ್ಲಿದ್ದ ಪಾಲು ಇಲ್ಲವಾಗುತ್ತದೆ.

ವಿವಾದ ಎದ್ದದ್ದು ಬೆಲೆಯ ಮೇಲೆ. ಮೊದಲು ಘೋಷಿಸಿದ ಬೆಲೆ ಷೇರಿಗೆ 16,300 ಯೆನ್; ಅದು ಆ ದಿನದ ಮಾರುಕಟ್ಟೆ ಬೆಲೆಗಿಂತಲೂ ಕಡಿಮೆಯಿತ್ತು. ಖರೀದಿಯ ಸುಳಿವು ಹೊರಬಿದ್ದು ಷೇರು ಏರುವ ಮುಂಚಿನ ಬೆಲೆಗೆ ಹೋಲಿಸಿದರೆ ಇದು ಹೆಚ್ಚೇ ಎಂದು ಸಮೂಹ ಹೇಳಿತು. ಕಂಪನಿಯ ಕೈಯಲ್ಲಿರುವ ಟೊಯೋಟಾ ಮೋಟಾರ್ ಷೇರುಗಳ ಬೆಲೆಯನ್ನೂ ಫೋರ್ಕ್‌ಲಿಫ್ಟ್ ವ್ಯಾಪಾರದ ಬೆಲೆಯನ್ನೂ ಬೇರೆಬೇರೆಯಾಗಿ ಕಟ್ಟಿ ಕೂಡಿಸಿದರೆ ಮೊತ್ತ ಬಹಳ ಹೆಚ್ಚಾಗುತ್ತದೆ ಎಂದು ಎಲಿಯಟ್ ಎಂಬ ಅಮೆರಿಕದ ಹೂಡಿಕೆ ಸಂಸ್ಥೆ ಮತ್ತಿತರರು ಆಕ್ಷೇಪಿಸಿದರು. ಆ ಬಳಿಕ ಖರೀದಿಯ ಬೆಲೆಯನ್ನು ಏರಿಸಲಾಯಿತು.